ನಲವತ್ತರ ಮ್ಯಾಲ ಕಾಲು ರತ್ತಲ

ಆ ಕಾಲದಾಗ ನಮ್ಮ ಕಡೆ ಯಾತಕ್ಕ ಬರ ಇದ್ರೂ ಸಂಸ್ಥಾನಗೋಳಿಗೆ ಬರ ಇರಲಿಲ್ಲ ನೋಡ್ರಿ. ಮುಂಜಾನೆ ಬುತ್ತಿ ಕಟಗೊಂಡು ಚಕ್ಕಡಿ ಹೂಡಿದ್ರ ಹೊತ್ತು ಮುಳುಗೂದ್ರಾಗ ಮೂರು ರಾಜ್ಯ ದಾಟಬಹುದಿತ್ತು. ಜಮಖಂಡಿಯವರದೊಂದು, ಮುಧೋಳದವರದೊಂದು, ರಬಕವಿ ಕಡೆ ಹೊಳ್ಳಿದ್ರ ಮತ್ತೊಬ್ಬರದೊಂದು. ಈ ಕತಿ ಯಾವ ಸಂಸ್ಥಾನದ್ದು ಅಂತ ಕೇಳಬ್ಯಾಡ್ರಿ, ಹೇಳಾಂಗಿಲ್ಲ. ಊರಿಗೆ ಮಗ್ಗದಹಾಳ ಅಂತ ಹೆಸರ ಇಟಗೋರಿ. ನೂರು ಮನಿ, ಎಂಬತ್ತು ಮಗ್ಗ, ಒಂದು ಸಾಲಿ.

ಎರಡನೇ ಮಹಾ ಲಡಾಯಿ ಸುರು ಆದ ವರ್ಷ ಆ ಸಂಸ್ಥಾನದ ಸಭಾದಾಗ ಒಂದು ಕಾಯದೆ ಆತು. ಸಾಲಿಗೆ ಬರೂ ಎಲ್ಲಾ ಮಕ್ಕಳಿಗೂ ಮಧ್ಯಾಹ್ನ ಒಂದು ಗಂಗಾಳ ಜ್ವಾಳದ ನುಚ್ಚಿನ ಅಂಬಲಿ, ಒಂದು ಹಿಡಿ ಹುರದ ಶೇಂಗಾ, ಒಂದು ಚೂರು ಬೆಲ್ಲ. ಸುಳ್ಳ್ಯಾಕ ಹೇಳಬೇಕು, ಅವತ್ತು ಅವರು ಛಲೋ ಕೆಲಸಾನ ಮಾಡಿದ್ರು. ಸಾಲಿ ಹಿತ್ತಲದಾಗ ಒಲಿ ಹೂಡಿದ್ರು, ತಂಗೆವ್ವ ಅನ್ನಾಕಿನ್ನ ಅಡಗಿಗೆ ಇಟ್ರು. ಹದಿನೈದು ಹುಡುಗರಿದ್ದ ಸಾಲಿಗೆ ಅರವತ್ತು ಹುಡುಗರು ಬಂದು ಕುಂತ್ರು. ಅಕ್ಷರದ ಆಸೇಕ್ಕ ಬಂದ್ರು ಅಂತ ತಿಳಕೋಬ್ಯಾಡ್ರಿ, ಅಂಬಲಿ ವಾಸನಿಗೆ ಬಂದ್ರು. ಬಂದವರಿಗೆ ಮಲಕಾಜಪ್ಪ ಮಾಸ್ತರ ಅಕ್ಷರಾನೂ ಕಲಿಸಿದ್ರು.

ಹಾಲವ್ವನ ಮಗಳು ಶೇವಂತಿನೂ ಹಂಗ ಬಂದಾಕಿ. ಹಾಲವ್ವನ ಗಂಡ ಶಿದ್ರಾಮಪ್ಪ ಕೈಗುಣ ಇದ್ದ ನೇಕಾರ. ಆದ್ರ ಲಡಾಯಿ ಬಂದು ನೂಲಿಗೆ ಕಂಟ್ರೋಲ ಬಿದ್ದ ಮ್ಯಾಲ ಕೈಗುಣ ತಗೊಂಡು ಏನು ಮಾಡೂದೈತಿ? ಮಗ್ಗ ನಿಂತವು. "ಸೊಲ್ಲಾಪುರದ ಮಿಲ್ಲಿನ್ಯಾಗ ಕೆಲಸ ನೋಡಿಕೊಂಡು ಬರ್ತೇನಿ" ಅಂತ ಹೋದಾವ ಎರಡು ವರ್ಷ ಆದ್ರೂ ಒಂದು ಕಾಗದ ಹಾಕಲಿಲ್ಲ. ಸತ್ತನೋ, ಇನ್ನೊಂದು ಮನಿ ಮಾಡಿದನೋ, ಆ ಶಿವನ ಬಲ್ಲ. ಹಾಲವ್ವ ಅವರಿವರ ಮನ್ಯಾಗ ಕುಂತು ನೇಯಾಕ ನೂಲಿನ ಕಂಡಿಕಿ ಸುತ್ತಿ ಕೊಡತಿದ್ಲು. ನೂಲು ಬಂದ ದಿನ ಕಂಡಿಕಿ, ಕಂಡಿಕಿ ಇದ್ದ ದಿನ ಹಿಟ್ಟು. ಮುಂಜಾನೆ ಆಕಿ ಮನಿ ಒಲಿ ಹೊತ್ತತಿರಲಿಲ್ಲ. ಸಂಜೀಕ ಒಂದು ರೊಟ್ಟಿ ಆದ್ರ ಅವ್ವ ಮಗಳು ಹರಕೊಂಡು ತಿನ್ನತಿದ್ರು.

ಶೇವಂತಿ ಜೀವ ಹಿಡದಿದ್ದು ಸಾಲಿ ಗಂಗಾಳದ ಮ್ಯಾಲ. ಎಂಟು ವರ್ಷದ ಹುಡುಗಿ, ನೋಡಿದವರು ಆರು ಅನಬೇಕು, ಅಷ್ಟ ಇದ್ಲು. ಆದ್ರ ಮಾತು ಮಾತ್ರ ಎಂಬತ್ತು ವರ್ಷದ ಮುದುಕಿ ಮಾತು. ದಿನಾ ಸಾಲಿ ಬಿಟ್ಟ ಕೂಡಲೇ ಓಡಿ ಬಂದು ಮುಷ್ಟಿ ಬಿಚ್ಚತಿದ್ಲು. ಅಂಗೈಯಾಗ ಬೆವತು ಕರಗಿದ ಬೆಲ್ಲದ ಚೂರು.

"ತಿನ್ನು ಬೇ. ನನಗ ಸಾಕಾತು."

"ಸಾಕಾಗೂದು ಹೆಂಗ ಆತು? ನೀ ತಿನ್ನು."

"ಇಲ್ಲ ಬೇ, ತಂಗೆವ್ವ ಎರಡು ಚೂರು ಕೊಟ್ಟಾಳ."

ಸುಳ್ಳು. ತಂಗೆವ್ವ ಶಿವನ ಕೂಡ ಜಗಳಾಡಿದ್ರೂ ಎರಡನೇ ಚೂರು ಕೊಡೂ ಪೈಕಿ ಅಲ್ಲ. ಹಾಲವ್ವಗ ಅದು ಗೊತ್ತಿತ್ತು. ಗೊತ್ತಿದ್ರೂ ಒಂದೊಂದು ದಿನ ಹೊಟ್ಟಿ ಕೇಳತಿರಲಿಲ್ಲ, ಬೆಲ್ಲ ಬಾಯಿಗೆ ಹಾಕ್ಕೊಂಡು ಬಿಡತಿದ್ಲು. ಹಾಕ್ಕೊಂಡ ಮ್ಯಾಲ ತಾಸುಗಟ್ಲೆ ಮಗಳ ಮಾರಿ ನೋಡಾಕ ಆಗತಿರಲಿಲ್ಲ.

ಲಡಾಯಿಯ ನಾಕನೇ ವರ್ಷ ಸಭಾ ಮತ್ತ ಕೂಡಿತು. ಹೊಟ್ಟಿ ತುಂಬ ಉಂಡು, ಎಲಿ ಅಡಿಕಿ ಹಾಕ್ಕೊಂಡು, ಕಾಳು ತುಟ್ಟಿ ಆಗೈತಿ ಅಂತ ಕಾಯದೆ ತಿದ್ದಿದ್ರು. ಇನ್ನ ಮ್ಯಾಲ ಎಲ್ಲಾರಿಗೂ ಊಟ ಇಲ್ಲ, ಸೊರಗಿದ ಮಕ್ಕಳಿಗಷ್ಟ. ಡಾಕ್ಟರ ಹೋಗಿ ಎಲ್ಲಾರನ್ನೂ ತೂಗಬೇಕು. ವಯಸ್ಸಿಗೊಂದು ತೂಕ ಇಟ್ರು. ಎಂಟು ವರ್ಷದ ಕೂಸಿಗೆ ನಲವತ್ತು ರತ್ತಲ, ಈಗಿನ ಲೆಕ್ಕದಾಗ ಹದಿನೆಂಟು ಕಿಲೋ. ನಲವತ್ತರೊಳಗ ಇದ್ರ ಊಟ, ದಾಟಿದ್ರ ಇಲ್ಲ. ಅಂಥಾ ಹತ್ತು ಮಕ್ಕಳಿಗಿಂತ ಕಡಿಮಿ ಇದ್ದ ಸಾಲ್ಯಾಗ ಒಲೀನ ಹೊತ್ತಸಬಾರದು. ಒಮ್ಮೆ ತೂಗಿದ್ರ ಮತ್ತ ತೂಗೂದು ಮುಂದಿನ ವರ್ಷ. ಇಷ್ಟಕ್ಕ ಬಿಟ್ಟಿದ್ರ ಅವರ ಗಂಟೇನು ಹೋಗತಿತ್ತು? ಬಿಡಲಿಲ್ಲ. ಕಡೀಕ ಒಂದು ಕಲಮು ಸೇರಿಸಿದ್ರು: ಯಾಕ ತೂಗೂದು, ತೂಕದ ಆಕಡಾ ಎಷ್ಟು, ಊರಾಗ ಯಾರಿಗೂ ತಿಳಿಸಬಾರದು, ತಿಳಿಸಿದ ಮಾಸ್ತರನ ನೌಕರಿ ಹೋಗತೈತಿ. ಯಾಕಪಾ ಅಂದ್ರ, ತಿಳದ್ರ ತಾಯಂದಿರು ಬೇಕಂತನ ಮಕ್ಕಳನ್ನ ಉಪಾಸ ಕೆಡವಿ ತೂಕ ಇಳಸ್ತಾರಂತ! ಹಡದವ್ವನ ಮ್ಯಾಲ ಎಂಥಾ ನಂಬಿಗಿ ನೋಡ್ರಿ.

ಊರಾಗ ತಳವಾರ ಡಂಗರಾ ಹೊಡದ. "ಬರೂ ಶುಕ್ರವಾರ ಸರ್ಕಾರದ ಡಾಕ್ಟರ ಬರ್ತಾರ್ರೋ! ಸಾಲಿ ಮಕ್ಕಳನ್ನ ತೂಗತಾರ್ರೋ! ತಾಯಂದಿರು ಕರಕೊಂಡು ಬರಬೇಕ್ರೋ!" ಯಾಕ ತೂಗತಾರ ಅಂತ ಅವನೂ ಹೇಳಲಿಲ್ಲ, ಅವಗೂ ಗೊತ್ತಿರಲಿಲ್ಲ.

ಓಣ್ಯಾಗ ಕಟ್ಟಿ ಮ್ಯಾಲ ಹೆಂಗಸರು ಕೂಡಿದ್ರು. ತಲಿಗೊಂದು ಮಾತು. ದಂಡಿಗೆ ಸೇರಿಸಾಕ ತೂಗತಾರ ಅಂದ್ಲು ಒಬ್ಬಾಕಿ. "ಹೆಣ್ಣು ಹುಡುಗಿಯರನ್ನೂ ದಂಡಿಗೆ ಕಳಸ್ತಾರೇನ, ಹುಚ್ಚಿ" ಅಂತ ಇನ್ನೊಬ್ಬಾಕಿ ನಕ್ಕಳು. ಆಗ ಎಲ್ಲಾರಿಗಿಂತ ಹಿರೇಳಾದ ಕರೆವ್ವ, ಮಗ್ಗದ ಕುಣ್ಯಾಗನ ಹುಟ್ಟಿ ಮಗ್ಗದ ಕುಣ್ಯಾಗನ ಮುದುಕಿ ಆದಾಕಿ, ಕೈ ಎತ್ತಿದ್ಲು.

"ಅದರಾಗ ವಿಚಾರ ಮಾಡೂದು ಏನೈತಿ ಬೇ? ಸಾವಕಾರ ಯಾಕ ತೂಗತಾನ? ತೂಗಿ ನೂಲು ಕೊಟ್ಟಿರತಾನ, ಅಷ್ಟ ತೂಕದ ಸೀರಿ ಹೊಳ್ಳಿ ಬಂತೋ ಇಲ್ಲೋ ಅಂತ ತೂಗತಾನ. ಕಡಿಮಿ ಬಂದ್ರ ಏನಂತಾನ? 'ನೂಲು ಕದ್ದೀರಿ' ಅಂತಾನ, ಮುಂದ ನೂಲು ಕೊಡೂದಿಲ್ಲ. ಸರ್ಕಾರನೂ ಅಷ್ಟ. ನಾಕು ವರ್ಷ ಅಂಬಲಿ ಕೊಟ್ಟೈತಿ. ಆ ಅಂಬಲಿ ಮಕ್ಕಳ ಮೈಗೆ ಹತ್ತಿತೋ, ಹಡದವರ ಹೊಟ್ಟಿಗೆ ಹೋತೋ, ತೂಗಿ ನೋಡಾಕ ಬರಾಕತ್ತೈತಿ."

ಎಲ್ಲಾರಿಗೂ ಅದು ಖರೇ ಅನಿಸಿಬಿಟ್ಟಿತು. ಅನಸದ ಏನು ಮಾಡೀತು? ಅಜ್ಜ ಮುತ್ತಜ್ಜನ ಕಾಲದಿಂದ ಆ ಓಣಿ ಮಂದಿಗೆ ತಕ್ಕಡಿ ಅಂದ್ರ ಅದೊಂದ ಅರ್ಥ. ಕಡಿಮಿ ತೂಗಿದ್ರ ಕಳ್ಳ, ತುಂಬ ತೂಗಿದ್ರ ಸಂಭಾವಿತ. ಅದಕ್ಕ ನೇಕಾರ ಸೀರಿ ಒಯ್ಯೂ ಮುಂಚೆ ಗಂಜಿ ತುಸು ದಪ್ಪಗ ಬಳೀತಾನ, ತೂಕ ಕೂಡಲಿ ಅಂತ. ಸಾವಕಾರನ ಗುಮಾಸ್ತ ಅದನ್ನ ಝಾಡಿಸಿ ಝಾಡಿಸಿ ತೂಗತಾನ. ಇಂವ ಹಚ್ಚೂದು, ಅಂವ ಝಾಡಿಸೂದು, ಜನಮ ಪೂರ್ತಿ ಇದ ಆಟ.

"ಹಂಗಾದ್ರ ಮಕ್ಕಳಿಗೂ ಗಂಜಿ ಹಚ್ಚಬೇಕಾತು" ಅಂತ ಯಾರೋ ನಗಚಾಟಕಿ ಮಾಡಿದ್ರು. ಎಲ್ಲಾರೂ ನಕ್ರು. ನಕ್ಕ ಮ್ಯಾಲ ಎಲ್ಲಾರೂ ಮನಿಗೆ ಹೋಗಿ ಅದನ್ನ ಮಾಡಾಕ ಹತ್ತಿದ್ರು.

ಹಾಲವ್ವ ಮಾತ್ರ ನಗಲಿಲ್ಲ. ಉಳದವರದು ಬರೇ ಅಂಜಿಕಿ, ಆಕೀದು ಖರೇ ಕಳವು. ಮಗಳ ಪಾಲಿನ ಬೆಲ್ಲ ತಿಂದಾಕಿ ಅಲ್ಲೇನು? ಆ ಬೆಲ್ಲದ ತೂಕ ಶೇವಂತಿ ಮೈಯಾಗ ಕಡಿಮಿ ಬಿದ್ದಿರತೈತಿ, ತಕ್ಕಡಿ ಅದನ್ನ ತೋರಸ್ತೈತಿ, ನನ್ನಿಂದ ನನ್ನ ಕೂಸಿನ ಗಂಗಾಳ ಹೋಗತೈತಿ. ಹಿಂಗ ಆಕಿ ಲೆಕ್ಕಾ. ಯಪ್ಪಾ ಶಿವನ, ಅಂಥಾ ಲೆಕ್ಕಾ ಯಾವ ತಾಯಿಗೂ ಬ್ಯಾಡ.

ಗುರುವಾರ ಇಳಿಹೊತ್ತಿನ್ಯಾಗ ಆಕಿ ಅಕ್ಕವ್ವನ ಮನಿಗೆ ಹೋದ್ಲು. ಅಕ್ಕವ್ವ ನೂಲಿನ ಸಾವಕಾರ ಅನಂತಪ್ಪನ ಹೆಂಡ್ತಿ, ಜೈನರ ಮನಿ. ದೀಪ ಹಚ್ಚೂದ್ರಾಗ ಊಟ ಮುಗಿಸೂ ಮಂದಿ. ಆಗಲೇ ಬಾಯಿ ಮುಕ್ಕಳಿಸಿ ಅಡಗಿಮನಿ ಸಾರಿಸಿ ಆಗಿತ್ತು.

"ಅವ್ವಾರ, ನಿಮ್ಮ ಮಗಳು ಹೀರಾನ ಬೆಳ್ಳಿ ಉಡದಾರ ಒಂದು ದಿನದ ಮಟ್ಟಿಗೆ ಕೊಡ್ರಿ. ನಾಳೆ ಸಂಜೀಕ ತಂದು ಮುಟ್ಟಸ್ತೇನಿ. ನನ್ನ ಮಗಳ ನಡಕ್ಕ ಕಟ್ಟಬೇಕ್ರಿ."

ಅಕ್ಕವ್ವಗ ನಗಿ ಬಂತು. "ತೂಗಾಕ ಹೊಂಟಾಳೋ, ಕನ್ಯಾ ತೋರಸಾಕ ಹೊಂಟಾಳೋ?" ಅಂದ್ಲು. ಆದ್ರ ಕಠಿಣ ಮನಸ್ಸಿನಾಕಿ ಅಲ್ಲ. ಒಳಗ ಹೋಗಿ ತಂದು ಕೈಯಾಗ ಇಟ್ಲು. "ನಲವತ್ತು ತೊಲಿ ಐತಿ ನೋಡವಾ, ಜ್ವಾಕಿ."

ನಲವತ್ತು ತೊಲಿ ಅಂದ್ರ ಒಂದು ರತ್ತಲದ ಮ್ಯಾಲ ತಟಕು. ಹಾಲವ್ವ ಅದನ್ನ ಸೆರಗಿನ್ಯಾಗ ಕಟಗೊಂಡು ಬಂದ್ಲು.

ಶುಕ್ರವಾರ ಮುಂಜಾನೆ ಆ ಮನಿ ಒಲಿ ಹೊತ್ತಿತು. ಕರೆವ್ವನ ಕಡಿಂದ ಹಿಟ್ಟು ಕೈಗಡ ತಂದು ಅಂಬಲಿ ಕಾಸಿ ಮಗಳಿಗೆ ಕುಡಿಸಿದ್ಲು. ಸಾಕು ಅಂದ್ರೂ ಬಿಡಲಿಲ್ಲ. ಮ್ಯಾಲ ಒಂದು ತಂಬಗಿ ನೀರು. ಶೇವಂತಿ ಹೊಟ್ಟಿ ಬಿಂದಿಗಿ ಆತು.

"ಯವ್ವಾ, ಇನ್ನ ಕುಡದ್ರ ಕಾರಕೋತೇನಿ."

"ತಕ್ಕಡಿ ಇಳಿಯೂ ತನಕ ಕಾರಕೋಬ್ಯಾಡ ನನ್ನವ್ವ. ಆಮ್ಯಾಲ ಏನರ ಮಾಡು."

ಪರಕಾರದ ಒಳಗ ಉಡದಾರ ಬಿಗದು, ಮ್ಯಾಲ ಅಂಗಿ ಇಳಿಬಿಟ್ಟು ಕರಕೊಂಡು ಹೋದ್ಲು.

ಸಾಲಿ ಮುಂದಿನ ಬೇವಿನ ಗಿಡಕ್ಕ ತಕ್ಕಡಿ ಕಟ್ಟಿದ್ರು. ಯಾರ ತಕ್ಕಡಿ ಅಂತೀರಿ? ಅನಂತಪ್ಪನ ಅಂಗಡೀದು, ನೂಲು ತೂಗೂದು. ಊರಾಗ ಇದ್ದದ್ದ ಅದೊಂದು. ಅದನ್ನ ನೋಡಿದ ಕೂಡಲೇ ಹೆಂಗಸರೆಲ್ಲಾ ಒಬ್ಬರ ಮಾರಿ ಒಬ್ಬರು ನೋಡಿದ್ರು. ಕರೆವ್ವ ಹೇಳಿದ್ದು ಖರೇ ಐತಿ ಅಂತ ಎಲ್ಲಾರ ಕಣ್ಣೂ ಅಂದವು. ಡಾಕ್ಟರಗ ಅವತ್ತ ಇನ್ನೂ ಮೂರು ಊರು ಮುಗಸಬೇಕಿತ್ತು. ಕುರ್ಚಿ ಮ್ಯಾಲ ಕುಂತು ಬರಕೋತಿದ್ರು, ಕಂಪೌಂಡರ ತೂಗತಿದ್ದ. ಅಂಗಿ ಮ್ಯಾಲ ಅಂಗಿ ತೊಟ್ಟ ಹುಡುಗರು, ಕಾಲಾಗ ಅವ್ವನ ಕಡಗ ಹಾಕ್ಕೊಂಡ ಹುಡುಗಿಯರು, ಹೊಟ್ಟಿ ಉಬ್ಬಿ ಉಸರಾಡಾಕ ಬಾರದವರು. ಒಬ್ಬಾಂವ ತಕ್ಕಡ್ಯಾಗ ಕುಂತಾಗ ಕಿಸೇದಾಗಿಂದ ಒಂದು ಕಲ್ಲು ಉದುರಿತು. ಕಂಪೌಂಡರ ಬೈದು ಅದನ್ನ ಒಗದ, ಮುಂದಿನ ಹೆಸರ ಕರದ.

ಮಲಕಾಜಪ್ಪ ಮಾಸ್ತರ ಕಂಬಕ್ಕ ಆತು ನಿಂತಿದ್ರು, ಮಾರಿ ಸುಣ್ಣ ಆಗಿತ್ತು. ಅವರಿಗೆ ಎಲ್ಲಾ ತಿಳಿತಿತ್ತು, ಬಾಯಿ ಬಿಡಾಕ ಬರತಿರಲಿಲ್ಲ. ಮನ್ಯಾಗ ಐದು ಮಕ್ಕಳು, ಕೈಯಾಗ ಒಂದು ನೌಕರಿ. ಆದ್ರೂ ಶೇವಂತಿ ಸರತಿ ಬಂದಾಗ ತಡೀಲಾರದ ಹಾಲವ್ವನ ಸನೇಕ ಬಂದ್ರು.

"ಹಾಲವ್ವ, ಕೂಸಿನ ನಡದಾಗ ಏನೋ ಐತಿ. ಬಿಚ್ಚಿ ಕುಂಡರಸು."

"ಏನೂ ಇಲ್ರಿ."

"ನನ್ನ ಮಾತ ಕೇಳು. ಬಿಚ್ಚಿದ್ರ ನಿನಗ ಛಲೋ ಆಗತೈತಿ."

ಹಾಲವ್ವಗ ಸಿಟ್ಟು ನೆತ್ತಿಗೇರಿತು. ದನಿ ತಗ್ಗಿಸಿದ್ರೂ ಸುತ್ತಿದ್ದವರಿಗೆಲ್ಲಾ ಕೇಳಿಸಿತು. "ನೀವೂ ಸಾವಕಾರನ ಗುಮಾಸ್ತ ಆದ್ರೇನ್ರಿ ಮಾಸ್ತರ? ನನ್ನ ಕೂಸನ್ನ ಗಂಜಿ ಸೀರಿ ಝಾಡಿಸಿದಂಗ ಝಾಡಿಸಿ ತೂಗಬೇಕಂತೀರಿ? ಬಡವರ ಗಂಗಾಳ ಕಸಗೊಂಡ್ರ ನಿಮಗೇನು ಬರತೈತ್ರಿ?"

ಹೆಂಗಸರು ಕಿಸಕ್ಕನ ನಕ್ರು. ಮಾಸ್ತರ ಹಿಂದ ಸರದ್ರು. ಒಂದ ಒಂದು ಮಾತು ಹೇಳಿದ್ರ ಆಗತಿತ್ತು. ಹೇಳಲಿಲ್ಲ.

ಕಂಪೌಂಡರ ಶೇವಂತಿನ್ನ ಎತ್ತಿ ಕುಂಡರಿಸಿದ. ತಕ್ಕಡಿ ತೂಗ್ಯಾಡಿತು, ನಿಂತಿತು. ಅಂವ ಒಂದು ಸಣ್ಣ ಕಲ್ಲು ಇಟ್ಟು ನೋಡಿದ. "ಎಂಟು ವರ್ಷ. ನಲವತ್ತು, ಮ್ಯಾಲ ಕಾಲು ರತ್ತಲ."

ಹಾಲವ್ವಗ ಲೆಕ್ಕಾ ತಿಳೀಲಿಲ್ಲ, "ಮ್ಯಾಲ" ಅನ್ನೂದಷ್ಟ ತಿಳೀತು. ಕಡಿಮಿ ಬೀಳಲಿಲ್ಲ! ಮಗಳನ್ನ ಎತ್ತಿಕೊಂಡು ಗಿಡದ ಹಿಂದ ಓಡಿದ್ಲು. ಅಲ್ಲಿ ಶೇವಂತಿ ಕುಡದದ್ದನ್ನೆಲ್ಲಾ ಕಾರಕೊಂಡ್ಲು. ಅವ್ವ ಬೆನ್ನು ಸವರಿಕೋತ ನಗಾಕತ್ತಿದ್ಲು. ಎರಡು ವರ್ಷದಾಗ ಆಕಿ ನಕ್ಕದ್ದು ಅವತ್ತ. ಸಂಜೀಕ ಉಡದಾರ ತೊಳದು ಒರಸಿ ಅಕ್ಕವ್ವಗ ಮುಟ್ಟಿಸಿ, ಕಾಲು ಬಿದ್ದು ಬಂದ್ಲು.

ಎಂಟು ದಿನಕ್ಕ ಕಚೇರಿಯಿಂದ ಕಾಗದ ಬಂತು. ಸೋಮವಾರ ಮಧ್ಯಾಹ್ನ ಅರವತ್ತು ಮಕ್ಕಳು ಗಂಗಾಳ ಹಿಡಕೊಂಡು ಹಿತ್ತಲಕ್ಕ ಹೋದ್ರ ಒಲಿ ತಣ್ಣಗಿತ್ತು. ತಂಗೆವ್ವ ಬಾಗಲದಾಗ ಕುಂತು ಸೆರಗಿಲೆ ಮೂಗು ಒರಸಾಕತ್ತಿದ್ಲು. ಶೇವಂತಿ ಬರೇ ಗಂಗಾಳ ತಂದು ಅವ್ವನ ಮುಂದ ಇಟ್ಲು.

"ಒಲಿ ಹಚ್ಚಿಲ್ಲ ಬೇ. ಇವತ್ತ ಬೆಲ್ಲಾನೂ ಇಲ್ಲ."

ಹಾಲವ್ವ ಕಂಡಿಕಿ ಅಲ್ಲೇ ಬಿಟ್ಟು ಸಾಲಿಗೆ ಓಡಿದ್ಲು. ಮಾಸ್ತರ ಒಬ್ಬರ ಕುಂತಿದ್ರು. ಇನ್ನ ಮುಚ್ಚಿಡೂದು ಏನಿತ್ತು? ಎಲ್ಲಾ ಹೇಳಿದ್ರು. ಊರಿಗೆಲ್ಲಾ ತೂಕದೊಳಗ ಬಂದ ಮಕ್ಕಳು ಒಂಬತ್ತು. ಹತ್ತು ಇದ್ದಿದ್ರ ಒಲಿ ಹೊತ್ತತಿತ್ತು.

"ಹತ್ತನೇದು ನಿನ್ನ ಮಗಳ ಇದ್ಲು ಹಾಲವ್ವ. ಉಳದವರೆಲ್ಲಾ ಎರಡು ಮೂರು ರತ್ತಲ ದಾಟಿದ್ರು. ಆಕಿ ಕಾಲು ರತ್ತಲ."

ಹಾಲವ್ವ ಅವರ ಕಾಲ ಕಡೆ ಬಾಗಿದ್ಲು. "ಮೈಮ್ಯಾಗ ಬೆಳ್ಳಿ ಇತ್ರಿ ಮಾಸ್ತರ. ಹೊಟ್ಟ್ಯಾಗ ನೀರಿತ್ತು. ಮತ್ತೊಮ್ಮೆ ತೂಗಾಕ ಹೇಳ್ರಿ, ನಿಮ್ಮ ಕಾಲು ಹಿಡೀತೇನಿ. ಅವತ್ತ ಯಾಕ ಹೇಳಲಿಲ್ರಿ ನೀವು?"

ಮಾಸ್ತರ ಹಾಜರಿ ಪುಸ್ತಕ ಮುಚ್ಚಿಟ್ರು.

ಮರುದಿನ ಹರದಾರಿಗಟ್ಲೆ ನಡಕೊಂಡು ಆಕಿ ಕಚೇರಿಗೂ ಹೋಗಿ ಬಂದ್ಲು. ಮುಂಜಾನೆಯಿಂದ ಕುಂತಾಕಿನ್ನ ಕಾರಕೂನ ಮೂರಕ್ಕ ಕರದ. ತೂಕ ಒಮ್ಮೆ ಪುಸ್ತಕದಾಗ ಏರಿದ್ರ ಮುಂದಿನ ವರ್ಷದ ತನಕ ಅಳಸಾಕ ಬರೂದಿಲ್ಲ ಅಂದ. ಕಾಯದೆ ತಿದ್ದಬೇಕಂದ್ರ ಸಭಾ ಕೂಡಬೇಕು ಅಂದ. "ಬೆಳ್ಳಿ ಕಟ್ಟಿದ್ದೆ ಅಂತ ನೀನ ಹೇಳಾಕತ್ತಿ. ಸರ್ಕಾರಕ್ಕ ಮೋಸ ಮಾಡಿದ್ದಕ್ಕ ದಂಡ ಐತಿ. ನಾ ಕೇಳಿಲ್ಲ ಅಂತ ತಿಳಕೋತೇನಿ, ಮನಿಗೆ ಹೋಗು" ಅಂದ. ಅಂವ ಕೆಟ್ಟ ಮನಶ್ಯಾ ಅಲ್ಲ. ಅಂಥವರಿಂದನ ಕೆಡೂದು ಹೆಚ್ಚು.

ಊರಾಗ ಯಾರೂ ಆಕಿನ್ನ ಮಾರಿಗೆ ಹೊಡದಂಗ ಬೈಯಲಿಲ್ಲ. ಎಲ್ಲಾರ ಮನ್ಯಾಗೂ ಅದ ಗಂಜಿ ಹಚ್ಚಿದ್ರಲ್ಲಾ. ತಂಗೆವ್ವ ಒಬ್ಬಾಕಿ, ಕೆಲಸ ಹೋದ ಸಂಕಟಕ್ಕ, ನೀರಿನ ದಾರ್ಯಾಗ ಅಂದೇ ಬಿಟ್ಲು: "ನಿನ್ನ ಕಾಲು ರತ್ತಲ ಊರ ಒಲಿ ನುಂಗಿತಲ್ಲ ಬೇ." ಹಾಲವ್ವ ಕೊಡ ಹೊತಗೊಂಡು ಸುಮ್ಮನ ಹೋದ್ಲು. ಆ ಮಾತು ಸುಳ್ಳಾಗಿದ್ರ ಜಗಳಾಡತಿದ್ಲು.

ಆ ವರ್ಷ ಹೆಂಗ ಕಳೀತು ಅಂತ ವಿಸ್ತಾರ ಮಾಡಿ ಹೇಳಾಕ ನನಗ ಬಾಯಿ ಬರೂದಿಲ್ಲ. ನೂಲು ಇನ್ನೂ ಕಡಿಮಿ ಆತು. ಅರ್ಧಾ ಓಣಿ ಸೊಲ್ಲಾಪುರಕ್ಕ, ಇಚಲಕರಂಜಿಗೆ ಗುಳೇ ಹೋತು. ಸಾಲ್ಯಾಗ ಇಪ್ಪತ್ತು ಮಕ್ಕಳು ಉಳದವು. ಶೇವಂತಿ ಮಳಿಗಾಲದಾಗ ಜ್ವರಾ ಬಂದು ಮಲಗಿದಾಕಿ ಎದ್ಲು ಖರೇ, ಪೂರಾ ಏಳಲಿಲ್ಲ. ಕಾಲು ಬಾತವು, ತಲಿಗೂದಲ ಕೆಂಚಗಾದವು. ಆ ಮುದುಕಿ ಮಾತು ಎಲ್ಲಿ ಹೋತೋ, ಕೇಳಿದ್ದಕ್ಕ ಹಾಂ ಹೂಂ ಅಷ್ಟ.

ಮತ್ತ ಡಂಗರಾ ಆತು. ಈ ಸಲ ಊರಿಗೆಲ್ಲಾ ಗೊತ್ತು, ಕಡಿಮಿ ಇದ್ರ ಊಟ ಅಂತ. ಆದ್ರ ಎಷ್ಟಕ್ಕ ಕಡಿಮಿ? ಸಭಾ ಆ ತೂಕ ಇನ್ನೂ ಇಳಸೈತಿ ಅಂತ ಸುದ್ದಿ. ಹಾಲವ್ವ ಮಾಸ್ತರ ಕಡೆ ಹೋಗಿ ಕೈ ಮುಗದ್ಲು.

"ಈ ಸಲ ನನಗೂ ತಿಳಿಸಿಲ್ಲವ್ವಾ. ಆಕಡಾ ನೆಟ್ಟಗ ಡಾಕ್ಟರ ಕೈಯಾಗ ಹೋಗೈತಿ" ಅಂದ್ರು ಮಾಸ್ತರ. "ನಿನ್ನ ಮಗಳು ಒಳಗ ಬರತಾಳ ಅನಸ್ತೈತಿ. ಮಾರಿ ನೋಡಿದ್ರ ತಿಳೀತೈತಿ."

ಮಾರಿ ನೋಡಿದ್ರ ಹೋದ ವರ್ಷನೂ ತಿಳೀತಿತ್ತು. ಕಣ್ಣಿಗೆ ಕಾಣೂದು ಬ್ಯಾರೆ, ತಕ್ಕಡಿಗೆ ಕಾಣೂದು ಬ್ಯಾರೆ, ಇದನ್ನ ಹಾಲವ್ವ ಕಲತಿದ್ಲು. ಕಾಲು ರತ್ತಲ ಅಂದ್ರ ಎಷ್ಟು ಅಂತನೂ ಈಗ ಆಕೀಗೆ ಗೊತ್ತಿತ್ತು: ಅರ್ಧಾ ರೊಟ್ಟಿ, ನಾಕು ಗುಟುಕು ನೀರು. ಗುರುವಾರ ಮುಂಜಾನೆ ಒಂದು ರೊಟ್ಟಿ ಆಗಿತ್ತು. ಆಕಿ ಅದನ್ನ ಮಗಳಿಗೆ ಕೊಡಲಿಲ್ಲ, ತಾನೂ ತಿನ್ನಲಿಲ್ಲ. ಅರಿವಿ ಸುತ್ತಿ ಗ್ವಾಡಿ ಮಾಡದಾಗ ಇಟ್ಲು.

"ನಾಳೆ ತೂಗಿ ಬಂದ ಮ್ಯಾಲ ಪೂರಾ ರೊಟ್ಟಿ ನಿಂದ" ಅಂದ್ಲು.

ಶೇವಂತಿ ಗುರುವಾರ ಇಡೀ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ಬೇಡಲಿಲ್ಲ. ಬೇಡಿದ್ರ ಹಾಲವ್ವ ಕೊಟ್ಟಬಿಡತಿದ್ಲು. ಮುಂದ ಸಾಯೂತನಕ ಆಕಿ ಅದನ್ನ ಅನತಿದ್ಲು, ಬೇಡಿದ್ರ ಕೊಡತಿದ್ದೆ ಅಂತ.

ಶುಕ್ರವಾರ ಹೆಗಲ ಮ್ಯಾಲ ಹೊತಗೊಂಡು ಹೋದ್ಲು. ಅದ ಬೇವಿನ ಗಿಡ, ಅದ ತಕ್ಕಡಿ, ಅದ ಕಂಪೌಂಡರ. ಅಂವ ನಲವತ್ತು ರತ್ತಲದ ಕಲ್ಲು ಇಟ್ಟ, ತಕ್ಕಡಿ ಅಲ್ಲಾಡಲಿಲ್ಲ. ಒಂದು ಕಲ್ಲು ತಗದ. ಇನ್ನೊಂದು ತಗದ. ಮತ್ತೊಂದು ತಗದಾಗ ತಕ್ಕಡಿ ನಿಂತಿತು.

"ಒಂಬತ್ತು ವರ್ಷ. ಮೂವತ್ತೆರಡು."

ಡಾಕ್ಟರ ತಲಿ ಎತ್ತಿ ಕೂಸಿನ ಕಡೆ ಒಂದು ಸಲ ನೋಡಿದ್ರು. "ಈ ವರ್ಷ ಸಭಾ ಇಟ್ಟದ್ದು ಮೂವತ್ತಾರು, ಇದು ಅದಕ್ಕಿಂತ ನಾಕು ಕಡಿಮಿ ಐತಿ. ಮೊದಲನೇ ಹೆಸರು ಇದರದ ಬರೀರಿ" ಅಂದ್ರು.

ನಾಕು ರತ್ತಲ. ಹಾಲವ್ವಗ ಕಿವ್ಯಾಗ ಕಾದ ಎಣ್ಣಿ ಬಿದ್ದಂಗ ಆತು. ಮಾಡದಾಗಿನ ರೊಟ್ಟಿ ತಿನಿಸಿದ್ರೂ, ಅಂಥಾ ಹತ್ತು ರೊಟ್ಟಿ ತಿನಿಸಿದ್ರೂ ಕೂಸು ಒಳಗ ಇರತಿತ್ತು. ಅಯ್ಯೋ ನನ್ನ ಶಿವನ! ಸಭಾದಾಗಿನ ದೊಡ್ಡ ಮಂದಿ ಹಡದವ್ವನ ಮ್ಯಾಲ ಹೊರಿಸಿದ್ದ ಸಂಶೇ ಆಕಿ ಖರೇ ಮಾಡಿ ತೋರಿಸಿದ್ಲು.

ದಾರ್ಯಾಗ ಶೇವಂತಿ ಹೆಗಲ ಮ್ಯಾಲಿಂದ ಕೇಳಿದ್ಲು. "ಯವ್ವಾ, ಈ ಸಲಾನೂ ಹೆಚ್ಚಾದ್ನೇನ?"

"ಇಲ್ಲ ನನ್ನವ್ವ. ಕಡಿಮಿ ಆದಿ. ಭಾಳ ಕಡಿಮಿ ಆದಿ."

"ಛಲೋ ಆತು" ಅಂದ್ಲು ಹುಡುಗಿ.

ಮನಿಗೆ ಬಂದು ರೊಟ್ಟಿ ನೀರಾಗ ನೆನಸಿ ತಿನಸಾಕ ಹೋದ್ರ ಎರಡು ತುತ್ತು ಒಳಗ ಹೋತು, ಮೂರನೇದು ತುಟಿ ದಾಟಲಿಲ್ಲ. ಶನಿವಾರ ಜ್ವರಾ ಏರಿತು. ರವಿವಾರ ಹೊತ್ತು ಏರೂದ್ರಾಗ ಶೇವಂತಿ ಹೋದ್ಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಮಂದಿ ಸುಮ್ಮನ ಆಡತಾರ. ಆ ಮನ್ಯಾಗ ಅದು ಖರೇ ಆತು. ಉಳದ ಓಣಿಯವರು ಕೂಡಿ ಮಣ್ಣು ಕೊಟ್ಟ ಬಂದ್ರು.

ಮೂರನೇ ದಿನ ಮಾಸ್ತರ ಬಂದು ಹೊಸ್ತಿಲ ಹೊರಗ ನಿಂತ್ರು. ಒಳಗ ಬಾ ಅನ್ನೂ ಮಂದಿ ಇರಲಿಲ್ಲ.

"ಹಾಲವ್ವ, ನಾ ಕೇಳಬಾರದು. ಕೇಳದ ಇದ್ರ ನಡೀದು. ಈ ಸಲ ತೂಕದೊಳಗ ಬಂದ ಮಕ್ಕಳು ಹತ್ತು. ಶೇವಂತಿನ್ನ ಹಿಡದು ಹತ್ತು." ಅವರು ಹಾಜರಿ ಪುಸ್ತಕ ಬಗಲಾಗ ಹಿಡಕೊಂಡಿದ್ರು. "ಹೆಸರ ಹೊಡದು ಹಾಕಿದ್ರ ಒಂಬತ್ತು ಆಗತಾವ. ಮತ್ತ ಒಲಿ ಆರತೈತಿ. ನೀ ಹೂಂ ಅಂದ್ರ ಹೆಸರ ಹಂಗ ಬಿಡತೇನಿ. ನನ್ನ ನೌಕರಿ ಹೋದ್ರ ಹೋಗಲಿ, ಈ ಸಲ."

ಹಾಲವ್ವ ಡಬ್ಬ ಹಾಕಿದ್ದ ಮಗಳ ಗಂಗಾಳದ ಕಡೆ ನೋಡಿದ್ಲು. ಕಡೀಕ "ಇರ್ಲಿ ಬಿಡ್ರಿ. ಹೆಸರಾದ್ರೂ ಇರ್ಲಿ" ಅಂದ್ಲು.

ಒಲಿ ಹೊತ್ತಿತು. ತಂಗೆವ್ವ ಹತ್ತು ಮಂದಿಗೆ ಆಗೂವಷ್ಟು ನುಚ್ಚು ಹಾಕಿ ಹತ್ತು ಗಂಗಾಳ ಬಡಸತಿದ್ಲು. ಹತ್ತನೇದನ್ನ ಉಳದ ಮಕ್ಕಳಿಗೆ ಹಂಚಬಹುದಿತ್ತು ಅಂತೀರಿ. ಹಂಚಾಕ ಹೋದ್ಲು, ತಾಯಂದಿರು ಬಿಡಲಿಲ್ಲ. ಸತ್ತ ಕೂಸಿನ ಹೆಸರಿಲೆ ಬಡಿಸಿದ ಪಾಲು ಬದುಕಿದ ಕೂಸು ಉಣ್ಣಬಾರದು ಅಂದ್ರು. ಅದಕ್ಕ ತಂಗೆವ್ವ ಅದನ್ನ ಸೆರಗಿನ್ಯಾಗ ಮುಚ್ಚಿಕೊಂಡು ತಂದು ಹಾಲವ್ವನ ಹೊಸ್ತಿಲದಾಗ ಇಟ್ಟು, ಮಾರಿ ನೋಡದ ಹೋಗತಿದ್ಲು. ನೀರಿನ ದಾರ್ಯಾಗಿನ ಆ ಮಾತು ಆಕಿ ಗಂಟಲದಾಗ ಮುಳ್ಳಾಗಿತ್ತು.

ಮೊದಲನೇ ದಿನ ಹಾಲವ್ವ ಅದನ್ನ ಕಾಗಿಗೆ ಹಾಕಿದ್ಲು. ಎರಡನೇ ದಿನಾನೂ ಹಾಕಿದ್ಲು. ನೂಲು ಬಂದಿರಲಿಲ್ಲ, ಮನ್ಯಾಗ ಹಿಟ್ಟಿನ ಗಡಗಿ ಬೋರಲು ಬಿದ್ದಿತ್ತು. ಮೂರನೇ ದಿನ ಗಂಗಾಳ ಮುಂದ ಇಟಗೊಂಡು ಕುಂತ್ಲು. ಕಾಗಿ ಬಂದು ಗ್ವಾಡಿ ಮ್ಯಾಲ ಕುಂತಿತು. ಹಸಿವಿಗೆ ನಾಚಿಕಿ ಇಲ್ಲ, ದುಃಖ ಅನ್ನೂದೂ ತಿಳೀದು. ಆಕಿ ಮೊದಲ ಬೆಲ್ಲ ಬಾಯಿಗೆ ಹಾಕ್ಕೊಂಡ್ಲು, ಆಮ್ಯಾಲ ಅಂಬಲಿ ಕುಡದ್ಲು, ಶೇಂಗಾದ ಸಿಪ್ಪಿ ಸೈತ ಬಿಡಲಿಲ್ಲ. ಉಂಡು ಮುಗಿಸಿ ತಲಿ ಚಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಗಂಗಾಳ ಬೂದಿ ಹಚ್ಚಿ ತೊಳದು ಡಬ್ಬ ಹಾಕಿದ್ಲು.

ಮರುದಿನ ಹಾಜರಿ ಕರಿಯೂ ಹೊತ್ತಿಗೆ ತಂಗೆವ್ವನ ದಾರಿ ಕಾಯಲಿಲ್ಲ, ತಾನ ಗಂಗಾಳ ತಗೊಂಡು ಹೋಗಿ ಸಾಲಿ ಕಟ್ಟಿ ಮ್ಯಾಲ ಕುಂತ್ಲು. ಒಳಗ ಮಾಸ್ತರ ಪುಸ್ತಕ ತಗದು ಮೊದಲನೇ ಹೆಸರು ಓದಿದ್ರು.

"ಶೇವಂತಿ ಶಿದ್ರಾಮಪ್ಪ."

"ಹಾಜರ್ರೀ" ಅಂದ್ಲು ಹಾಲವ್ವ.